ಹದಿನೆಂಟು ಗುಲಾಬಿ, ಒಂದು ಹಂದಿ

ಸಾನ್ ಪಾಬ್ಲೊದ ನಮ್ಮ ಬೀದಿಯಲ್ಲಿ ಲೂದಿವಿನಾಳ ಖಾನಾವಳಿಗೆ ಬೋರ್ಡಿಲ್ಲ, ಬೇಕಾಗಿಯೂ ಇಲ್ಲ. ಬೆಳಿಗ್ಗೆ ಐದಕ್ಕೆ ಅವಳ ಬೆಳ್ಳುಳ್ಳಿ ಅನ್ನದ ವಾಸನೆಯೇ ಬೈಕಿಗೆ ಪಕ್ಕಗಾಡಿ ಕಟ್ಟಿ ಬಾಡಿಗೆಗೆ ಓಡಿಸುವ ಟ್ರೈಸಿಕಲ್ ಚಾಲಕರನ್ನು ಎಳೆದು ತರುತ್ತದೆ. ಆರು ವರ್ಷ ಆ ಒಲೆಯ ಮುಂದೆ ಬೆವರಿ ಅವಳು ಎಂಬತ್ತು ಸಾವಿರ ಪೆಸೊ ಕೂಡಿಟ್ಟಳು, ಮಗಳು ರಿಯಾಲಿನ್‌ಳ 'ದೆಬು'ಗೆ. ಹೆಣ್ಣಿಗೆ ಹದಿನೆಂಟು ತುಂಬಿತೆಂದು ಕುಣಿದು ಉಂಡು ಊರಿಗೆ ಸಾರದಿದ್ದರೆ ಅವಳು ಹದಿನೇಳರಲ್ಲೇ ನಿಂತುಬಿಡುತ್ತಾಳೆಂಬ ಭಯ ನಮ್ಮವರಿಗೆ.

ಲೂದಿವಿನಾಳ ಲೆಕ್ಕ ಒಂದೇ ಪುಟದ್ದು. ಅರವತ್ತು ಜನ, ಬಾಡಿಗೆ ಗೌನು, ವಾರ್ಡಿನ ಸಭಾಂಗಣ, ಅಡುಗೆ ತನ್ನದೇ. ಅಷ್ಟರಲ್ಲಿ ನಾದಿನಿ ಪೆರ್ಲಿತಾ ಬಂದಳು. ತನ್ನ ಮಗಳ ದೆಬುವನ್ನು ಹೋಟೆಲಿನಲ್ಲಿ ಮಾಡಿದವಳು. ಅಂದಿನಿಂದ ಆ ವಿಷಯದಲ್ಲಿ ಮಹಾಪಂಡಿತೆ.

"ಅತ್ತಿಗೆ, ಆಡಂಬರ ಬೇಡವೇ ಬೇಡ. ಸಿಂಪಲ್ಲಾಗೇ ಮಾಡೋಣ. ಆದ್ರೆ ಗೌನು ಎರಡಾದ್ರೂ ಬೇಡ್ವಾ? ಸಂಜೆಯೆಲ್ಲಾ ಒಂದೇ ಗೌನಲ್ಲಿದ್ರೆ ಜನ ಏನಂತಾರೆ?"

"ಗೌನು ಒಂದೇ ಇದೆ ಅಂತಾರೆ."

"ನಾನೂ ಅದನ್ನೇ ಹೇಳ್ತಿರೋದು!"

ಆ ಸಿಂಪಲ್ಲು ದಿನಕ್ಕೊಂದು ಸಾಲು ಬೆಳೆಯಿತು. ಹದಿನೆಂಟು ಗಂಡಸರು ತಲಾ ಒಂದು ಗುಲಾಬಿ ಕೊಟ್ಟು ಹುಡುಗಿಯ ಜೊತೆ ಕುಣಿಯಬೇಕು. ಮನೆತನದಲ್ಲಿ ಸಿಕ್ಕವರು ಹನ್ನೊಂದು, ಅದರಲ್ಲೊಬ್ಬನಿಗೆ ಮಂಡಿನೋವು. ಉಳಿದವರನ್ನು ಪೆರ್ಲಿತಾ ಎಲ್ಲಿಂದಲೋ ಹೊಂದಿಸಿದಳು. ಗುಲಾಬಿ ಹಿಡಿದವನು ಒಬ್ಬನೇ ಬರುತ್ತಾನೆಯೇ? ಹೆಂಡತಿ, ಮೂರು ಮಕ್ಕಳು, ಹೆಂಡತಿಯ ಅಕ್ಕ, ಮಿಕ್ಕಿದ್ದನ್ನು ಕಟ್ಟಿಕೊಂಡು ಹೋಗಲು ಪ್ಲಾಸ್ಟಿಕ್ ಚೀಲ. ಅರವತ್ತು ಜನ ನೂರ ನಲವತ್ತಾದರು. ಎಂಬತ್ತು ಸಾವಿರ ಒಂದು ಲಕ್ಷ ಮೂವತ್ತು ಸಾವಿರವಾಯಿತು.

"ಧರ್ಮತಂದೆ ಅಂತ ಇರೋದು ಮತ್ಯಾಕೆ?" ಎಂದಳು ಪೆರ್ಲಿತಾ.

ರಿಯಾಲಿನ್‌ಳ ಧರ್ಮತಂದೆ ವಾರ್ಡ್ ಸದಸ್ಯ ಎರ್ಮೊಹೆನೆಸ್. ಚರ್ಚಿನಲ್ಲಿ ಜ್ಞಾನಸ್ನಾನದ ದಿನ ಮಗುವನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಂಡವನ ಪತ್ತೆ ಆಮೇಲೆ ಇರಲಿಲ್ಲ. ಈಗ ಚುನಾವಣೆ ಹತ್ತಿರ ಬಂದದ್ದರಿಂದ ಮಮತೆ ಉಕ್ಕಿತು. ಕೆಂಡದ ಮೇಲೆ ಇಡಿಯಾಗಿ ಸುಟ್ಟ ಹಂದಿ, ಅಂದರೆ ಲೆಚೋನ್, ಇಲ್ಲದ್ದನ್ನು ನಾವು ಸಮಾರಂಭವೆನ್ನುವುದಿಲ್ಲ. ಅವನು ಒಂದಲ್ಲ, ಎರಡು ಕೊಡುತ್ತೇನೆಂದ. ಬದಲಿಗೆ ಬೀದಿಯ ಬಾಯಲ್ಲಿ ಒಂದು 'ಚಿಕ್ಕ' ಫ್ಲೆಕ್ಸ್. ಅದರಲ್ಲಿ ಅವನ ಮುಖ ಗಾಡಿಯ ಚಕ್ರದಷ್ಟಿತ್ತು. ರಿಯಾಲಿನ್ ಅವನ ಕಿವಿಯ ಕೆಳಗೆ ಪಾಸ್‌ಪೋರ್ಟ್ ಸೈಜಿನಲ್ಲಿದ್ದಳು.

"ಹುಟ್ಟುಹಬ್ಬ ಯಾರ್ದಕ್ಕಾ?" ಎಂದು ಚಾಲಕನೊಬ್ಬ ಕೇಳಿದ.

"ಎರಡು ಹಂದೀದು," ಎಂದಳು ಲೂದಿವಿನಾ.

ಎಂಟು ದಿನ ಉಳಿದಿರುವಾಗ ರೇಡಿಯೋದಲ್ಲಿ ಸುದ್ದಿ ಬಂತು: ವಾರ್ಡ್ ಚುನಾವಣೆ ಮುಂದಿನ ವರ್ಷಕ್ಕೆ. ಎರ್ಮೊಹೆನೆಸನ ಮಮತೆಯೂ ಅದರ ಹಿಂದೆಯೇ ಹೋಯಿತು. ಲೂದಿವಿನಾ ನೇರ ಅವನ ಕಚೇರಿಗೆ ನಡೆದಳು. ಬಾಕಿ ಉಳಿಸಿಕೊಂಡ ಗಿರಾಕಿಗೂ ಎಂದೂ ದನಿಯೇರಿಸದವಳು ಅವಳು. ಜೊತೆಗೆ ಬರುತ್ತೀಯಾ ಎಂದು ಪಕ್ಕದ ಮನೆಯ ನನ್ನನ್ನು ಕರೆದಿದ್ದಳು.

"ಕೊಡಲ್ಲ ಅಂತ ನಾನು ಹೇಳಿದ್ನಾ ಲೂದಿ? ಮುಂದಿನ ವರ್ಷ ಕೊಡ್ತೀನಿ."

"ಆಗ ಅವಳಿಗೆ ಹತ್ತೊಂಬತ್ತು."

"ಹತ್ತೊಂಬತ್ತೂ ಒಳ್ಳೇ ವಯಸ್ಸೇ."

ಲೂದಿವಿನಾ ಕುರ್ಚಿ ಎಳೆದುಕೊಂಡು ಕೂತಳು. "ಸರಿ ಅಣ್ಣಾ. ಫ್ಲೆಕ್ಸನ್ನ ಸಭಾಂಗಣದೊಳಗೆ ಕಟ್ತೀನಿ. ಅದರ ಕೆಳಗೆ ಬಾಳೆಎಲೆ ಹಾಸಿದ ಖಾಲಿ ಮೇಜು. 'ಹಂದಿಗಳು ಮುಂದಿನ ವರ್ಷ ಬರ್ತವೆ, ಕೂತಿರಿ' ಅಂತ ಮೈಕಲ್ಲಿ ಹೇಳಿಸ್ತೀನಿ. ಹಸಿದ ಹೊಟ್ಟೆ ನೂರ ನಲವತ್ತು. ಹೆಚ್ಚಿನವ್ರಿಗೆ ಓಟಿದೆ."

ಎರ್ಮೊಹೆನೆಸ್ ಫ್ಯಾನು ನೋಡಿದ. "ಒಂದು ಹಂದಿ."

"ದೊಡ್ಡದು."

"ಮಧ್ಯಮ."

"ಮೈಕಿಗೆ ಅಡ್ವಾನ್ಸ್ ಕೊಟ್ಟಾಯ್ತು ಅಣ್ಣಾ."

ದೊಡ್ಡದೇ ಬಂತು. ಆ ಧೈರ್ಯದಲ್ಲೇ ಅವಳು ಪೆರ್ಲಿತಾ ಪಟ್ಟಿಗೆ ಸೇರಿಸಿದ್ದ ಎರಡನೆಯ ಗೌನು, ಬಿಳಿ ಪಾರಿವಾಳ, ಫೋಟೋ ಮಂಟಪ ಎಲ್ಲವನ್ನೂ ಹೊಡೆದುಹಾಕಿದಳು. ಪೆರ್ಲಿತಾ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ, ಮುಂದಿನ ಸಾಲಿನಲ್ಲಿ ತನ್ನ ಕುರ್ಚಿ ಯಾವುದೆಂದು ಕೇಳಿಕೊಂಡು ಬಂದಳು. ರಿಯಾಲಿನ್‌ಳ ಆಸೆ ಮಾತ್ರ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ. ಗೌನು ಗುಲಾಬಿ ಬಣ್ಣದ್ದಾಗದಿದ್ದರೆ ಸಾಕೆಂದಿದ್ದಳು. ಗುಲಾಬಿ ಬಣ್ಣದ್ದೇ ಬಂತು.

ಸಮಾರಂಭದ ಸಂಜೆ ಹದಿನೆಂಟನೆಯ ಗುಲಾಬಿ ಅಪ್ಪ ಫಿದೆಲಿನೊನದು. ಮೂವತ್ತು ವರ್ಷ ಟ್ರೈಸಿಕಲ್ ಓಡಿಸಿದವನಿಗೆ ಹ್ಯಾಂಡಲ್ ಇಲ್ಲದೆ ತಿರುಗುವುದು ಗೊತ್ತಿಲ್ಲ. ಎರಡನೆಯ ಸುತ್ತಿಗೇ ಗೌನಿನ ಅಂಚು ಮೆಟ್ಟಿದ, ಚರ್ರೆಂದಿತು. ರಿಯಾಲಿನ್ ಹರಿದದ್ದನ್ನು ಮುಷ್ಟಿಯಲ್ಲಿ ಹಿಡಿದು, "ಅಪ್ಪಾ, ಬ್ರೇಕ್ ಹಾಕ್ಬೇಡ, ನಡಿ," ಎಂದಳು. ಅವನು ಅಳುತ್ತಲೇ ಕುಣಿದ. ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಲೂದಿವಿನಾ, "ಗೌನಿನ ಠೇವಣಿ ಸಾವಿರದೈನೂರು ಹೋಯ್ತು," ಎಂದು ನಗತೊಡಗಿದವಳು ಹಾಡು ಮುಗಿದರೂ ನಿಲ್ಲಿಸಲಿಲ್ಲ.

ಮರುದಿನ ಖಾನಾವಳಿ ಎಂದಿನಂತೆ ಐದಕ್ಕೇ ತೆರೆಯಿತು. ಚೀಲಗಳಿಂದ ಪಾರಾದ ಹಂದಿಯ ತಲೆ, ಮೂಳೆ ವಿನೆಗರಿನಲ್ಲಿ ಕುದಿಯುತ್ತಿದ್ದವು. ಹಿಂದಿನ ದಿನ ಪುಕ್ಕಟೆ ಉಂಡವರೇ ಸಾಲಾಗಿ ಬಂದು, ಅರವತ್ತು ಪೆಸೊ ಕೊಟ್ಟು, ಇವತ್ತೇ ರುಚಿ ಎಂದರು. ರಿಯಾಲಿನ್ ಸ್ಪ್ರೇ ಹೊಡೆದು ಗಟ್ಟಿಯಾದ ಕೂದಲಿನಲ್ಲೇ ತಟ್ಟೆ ಎತ್ತುತ್ತಿದ್ದಳು.