ಎಣ್ಣೆ ಹೀರಿದ ಟೊಪ್ಪಿ

ಸಂಜೆ ಆರು ಗಂಟೆ ನಲವತ್ತೆಂಟು ನಿಮಿಷ. ಬೈಂದೂರಿನ ಬಯಲು ವೇದಿಕೆಯ ಪಕ್ಕದಲ್ಲಿ ನಾನು ಗಡಿಯಾರ ನೋಡುತ್ತ ನಿಂತಿದ್ದೆ. ಬೆನ್ನಿಗೆ ಬೆಂಕಿ ಹೊತ್ತಿಸಿಕೊಂಡು ನನ್ನ ತಮ್ಮ ಈ ತುದಿಯಿಂದ ಆ ತುದಿಗೆ ಓಡಬೇಕಿತ್ತು. ಹತ್ತು ಎಣಿಸಿದ ಕೂಡಲೇ ಇಬ್ಬರು ಒದ್ದೆ ಕಂಬಳಿ ಹೊದಿಸಬೇಕಿತ್ತು. ನಾನು ಆರು ಎಣಿಸುವಾಗ ಬೆಂಕಿ ಬೆನ್ನು ದಾಟಿ ಎಡಗಿವಿಯ ಹಿಂದೆ ಉರಿಯುತ್ತಿತ್ತು. ಜನ ಚಪ್ಪಾಳೆ ತಟ್ಟುತ್ತಿದ್ದರು. ನಾನು ಕೂಗಿದೆ. ಕಂಬಳಿ ಬಿತ್ತು.

ನಮ್ಮದು ಹವ್ಯಾಸಿ ನಾಟಕ ತಂಡ. ನಾನು ರಸಾಯನಶಾಸ್ತ್ರ ಓದಿದವಳೆಂದು ಬೆಂಕಿ ದೃಶ್ಯದ ಉಡುಪಿನ ಹೊಣೆ ನನಗೇ ಬಿದ್ದಿತ್ತು. ಒಳಗೆ ಒದ್ದೆ ಹತ್ತಿ ಬಟ್ಟೆ, ಮೇಲೆ ಬೆಂಕಿ ತಡೆಯುವ ದಪ್ಪ ಅಂಗಿ, ತಲೆ ಮತ್ತು ಕತ್ತಿಗೆ ಅದೇ ಬಟ್ಟೆಯ ಕಪ್ಪು ಟೊಪ್ಪಿ. ಬೆನ್ನಿಗೆ ಹೊಲಿದ ತುಂಡೊಂದು ಮಾತ್ರ ಉರಿಯಬೇಕು. ಉಳಿದದ್ದು ತಾನಾಗಿ ಹೊತ್ತಿಕೊಳ್ಳುವ ಬಟ್ಟೆಯಲ್ಲ, ಶುಚಿಯಾಗಿದ್ದರೆ.

ಬೈಂದೂರಿಗೆ ಮೂರು ದಿನ ಮೊದಲು ಬ್ರಹ್ಮಾವರದಲ್ಲಿ ಪ್ರದರ್ಶನ ಮುಗಿದಾಗ, ವೇಷ ಕಳಚುವವರೆಲ್ಲ ಮಾಡುವಂತೆ, ನನ್ನ ತಮ್ಮ ಮುಖಕ್ಕೆ ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆದಿದ್ದ. ಒರೆಸಿಕೊಳ್ಳಲು ಕೈಗೆ ಸಿಕ್ಕಿದ್ದು ಆ ಟೊಪ್ಪಿ. ನನಗದು ತಿಳಿದಿರಲಿಲ್ಲ. ಆದರೆ ಬೈಂದೂರಿನಲ್ಲಿ ಟೊಪ್ಪಿ ಬಿಡಿಸಿ ಕೊಡುವಾಗ ಎಣ್ಣೆಯ ವಾಸನೆ ಬಂದಿತ್ತು. ಬಣ್ಣದ ಕೋಣೆಯಲ್ಲಿ ಎಲ್ಲಕ್ಕೂ ಅದೇ ವಾಸನೆ. ನಾನು ಏನೂ ಹೇಳದೆ ಕೊಟ್ಟೆ.

ಕುಂದಾಪುರದ ಆಸ್ಪತ್ರೆಯಲ್ಲಿ ಕತ್ತಿಗೆ ಪಟ್ಟಿ ಸುತ್ತಿಸಿಕೊಂಡು ಕೂತವನು ನನ್ನನ್ನು ಕಂಡು ನಕ್ಕ.

"ಹ್ವಾಯ್ ಅಕ್ಕ, ಕಿವಿ ತುದಿ ಹೋಯ್ತ್. ಇನ್ ನಿನ್ ಬೈಗುಳ ಅರ್ಧವೇ ಕೇಣೂದ್."

ನನಗೆ ನಗು ಬರಲಿಲ್ಲ. ಮನೆಗೆ ಬಂದ ಮೇಲೂ ದಿನಾ ರಾತ್ರಿ ಎರಡು ಮೂರು ಸಲ ಎಚ್ಚರವಾಗುತ್ತಿತ್ತು. ಒಂದರಿಂದ ಎಣಿಸುತ್ತಿದ್ದೆ, ಆರಕ್ಕೆ ನಿಲ್ಲುತ್ತಿತ್ತು. ಸುಟ್ಟ ಟೊಪ್ಪಿಯನ್ನು ಪರೀಕ್ಷಿಸಿ, ಅದು ಹೀರಿದ ಎಣ್ಣೆಯೇ ಕಾರಣವೆಂದು ಬರೆದು ತಂಡಕ್ಕೆ ಕೊಟ್ಟಿದ್ದೆ. ವಾಸನೆಯ ವಿಷಯ ಅದರಲ್ಲಿರಲಿಲ್ಲ.

ಎರಡು ತಿಂಗಳ ಮೇಲೆ ಶಂಕರನಾರಾಯಣ ಊರಿನ ಪ್ರದರ್ಶನಕ್ಕೆ ತಮ್ಮ ಮತ್ತೆ ಒಪ್ಪಿಕೊಂಡ. "ಬಟ್ಟಿ ನೀನೇ ಕೊಡ್ಕ್" ಎಂದು ಉಡುಪಿನ ಹೊಣೆಯನ್ನು ಮತ್ತೆ ನನಗೇ ಒಪ್ಪಿಸಿದ. ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿಬಿಟ್ಟೆ.

"ಟೊಪ್ಪಿ ಕೊಡುವತಿಗೆ ನಂಗ್ ಎಣ್ಣಿ ವಾಸ್ನಿ ಬಂದಿತ್ತ್."

ಅವನು ಅನ್ನ ಕಲಸುವುದನ್ನು ನಿಲ್ಲಿಸಿದ.

"ಮತ್ತೆ ಎಂತಕ್ ಕೊಟ್ಟದ್?"

"ಅಲ್ಲಿ ಎಲ್ಲದಕ್ಕೂ ಅದೇ ವಾಸ್ನಿ ಅಲ್ದಾ, ಅಂದ್ಕಂಡೆ."

ಅವನು ಮತ್ತೆ ಕಲಸಿ ಎರಡು ತುತ್ತು ಉಂಡ. ಆಮೇಲೆ ಸಾರಿನ ಪಾತ್ರೆಯನ್ನು ನನ್ನ ಕಡೆ ದೂಡಿದ.

"ನಾ ಒರ್ಸ್ಕಂಡೆ, ನೀ ಮೂಸಿ ಕೊಟ್ಟೆ. ಇನ್ ಮೇಲೆ ಮೂಸಿ ಹೇಳ್, ಮಾರಾಯ್ತಿ."

ಎಣ್ಣೆ ಬಾಟಲಿಯ ಕೊರಳಿಗೆ ಮುಖ ಒರೆಸಲೆಂದೇ ಒಂದು ಹಳೆಯ ಬೈರಾಸನ್ನು ಹುರಿಯಿಂದ ಕಟ್ಟಿದೆ. ಹೊಸ ಟೊಪ್ಪಿಯನ್ನು ಬೇರೆ ಡಬ್ಬಿಯಲ್ಲಿಟ್ಟು ಬೀಗ ಹಾಕಿದೆ. ಶಂಕರನಾರಾಯಣದಲ್ಲಿ ಅದನ್ನು ಅಂಗಳಕ್ಕೆ ಒಯ್ದು ಮೂಸಿ, ಏನೂ ಇಲ್ಲವೆಂದು ಗಟ್ಟಿಯಾಗಿ ಹೇಳಿ ಕೊಟ್ಟೆ. ಅವನು ಓಡಿದ. ನಾನು ಹತ್ತರವರೆಗೂ ಎಣಿಸಿದೆ.

ಮರುದಿನ ಭಾನುವಾರ. ಮೀನಿನವನ ಹಾರ್ನ್ ಕೇಳಿ ಕಣ್ಣು ಬಿಟ್ಟಾಗ ಏಳೂವರೆ ದಾಟಿತ್ತು. ನಡುವೆ ಒಮ್ಮೆಯೂ ಎಚ್ಚರವಾಗಿರಲಿಲ್ಲ.