ಪಾಪರ್ ಕೇಸಿನ ಅಬ್ದುಲ್ಲ ವಕೀಲರು

ಅಬ್ದುಲ್ಲ ವಕೀಲರು ಕೂತದ್ದನ್ನು ನಾನು ಕಂಡವಳಲ್ಲ. ಪುತ್ತೂರಿನ ಅವರ ಆಫೀಸಿನಲ್ಲಿ ಕುರ್ಚಿಗಳೆಲ್ಲ ಫೈಲುಗಳಿಗೆ. ಅವರೂ ಬಂದವರೂ ನಿಂತೇ ಇರಬೇಕು. "ಕೂತ್ರೆ ಜನ ಕತೆ ಹೇಳ್ತಾರೆ ಮಾರಾಯ್ತಿ, ನಿಂತ್ರೆ ವಿಷಯ ಹೇಳ್ತಾರೆ" ಎನ್ನುತ್ತಿದ್ದರು. ಮಾತಿನ ನಡುವೆ ಕಿಟಕಿಯವರೆಗೆ ಹೋಗುವುದು, ಬಾಗಿಲಿಗೆ ಬರುವುದು, ಬೀಗದ ಕೈಗಳ ಗೊಂಚಲನ್ನು ಬೆರಳಿನಲ್ಲಿ ತಿರುಗಿಸುವುದು. ಮೊದಲೇ ತಲೆ ಸುತ್ತುತ್ತಿದ್ದ ನನಗೆ ಅವರನ್ನು ನೋಡಿ ಇನ್ನಷ್ಟು ಸುತ್ತುತ್ತಿತ್ತು.

ಕಡಬದಲ್ಲಿ ನನ್ನ ಬಟ್ಟೆ ಅಂಗಡಿ ಮುಳುಗಿತ್ತು. ಬೆಳಗಾದರೆ ಫೈನಾನ್ಸಿನವರು ಬಾಗಿಲಲ್ಲಿ. ಪಾಪರ್ ಅರ್ಜಿ ಹಾಕು, ದಿವಾಳಿ ಎಂದು ಕೋರ್ಟು ಒಪ್ಪಿದರೆ ಉಸಿರಾಡಬಹುದು ಎಂದು ಯಾರೋ ಹೇಳಿದರು. ಆದರೆ ಹಾಕಿಕೊಡುವವರು ಯಾರು? ಸುಳ್ಯದ ವಕೀಲರೊಬ್ಬರು, ಜಾಗದ ತಕರಾರು ಇದ್ದರೆ ತನ್ನಿ ಎಂದರು. ಮಂಗಳೂರಿನವರ ಫೀಸು ಕೇಳಿ, ಅಷ್ಟು ದುಡ್ಡಿದ್ದರೆ ನಾನು ಪಾಪರ್ ಯಾಕಾಗಬೇಕು ಎಂದು ನಗು ಬಂತು; ಬಸ್ಸು ಹತ್ತಿದ ಮೇಲೆ ಅತ್ತೆ. ಕೊನೆಗೆ ಪುತ್ತೂರು ಕೋರ್ಟಿನ ಎದುರು ಟೈಪ್ ಮಾಡುವವರು ಅಬ್ದುಲ್ಲ ವಕೀಲರ ಆಫೀಸು ತೋರಿಸಿದರು.

"ನನ್ನ ಫೀಸು ಮೊದಲು" ಎಂದೇ ಶುರುಮಾಡಿದರು. "ನಿನಗೆ ಸಾಲ ಕೊಟ್ಟವರ ಜತೆ ನಾನೂ ಸೇರ್ಲಿಕ್ಕೆ ಇಲ್ಲ."

ಹೊಲಿಗೆ ಮೆಷಿನ್ ಮಾರಿ ಕೊಡುತ್ತೇನೆ ಎಂದೆ. ಗಕ್ಕನೆ ತಿರುಗಿದರು. "ತಲೆ ಸರಿ ಉಂಟಾ ನಿನಗೆ? ಹೊಲಿದು ಬದುಕುವವಳ ಮೆಷಿನನ್ನು ಕೋರ್ಟು ಸಹ ಜಪ್ತಿ ಮಾಡುವ ಹಾಗಿಲ್ಲ. ನೀನೇ ಮಾರುದಾ? ಹೊಲಿ. ಸೋಮವಾರ ಸೋಮವಾರ ಸ್ವಲ್ಪ ಸ್ವಲ್ಪ ತಂದು ಕೊಡು. ಮುಗಿದ ದಿನ ಅರ್ಜಿ ಹಾಕುವ."

ಪೈಸೆ ಬಿಡಲಿಲ್ಲ. ಸೋಮವಾರ ತಪ್ಪಿದರೆ ಮಂಗಳವಾರ ಫೋನು. ಕೋಪ ಬರುತ್ತಿತ್ತು, ಆದರೂ ಈ ಜನ ನಡುವೆ ಕೈಬಿಡುವವರಲ್ಲ ಅನ್ನಿಸುತ್ತಿತ್ತು.

ಅವರದ್ದೊಂದು ವಿಚಿತ್ರ ಕ್ರಮವಿತ್ತು. ಅರ್ಜಿ ಹಾಕುವ ಮೊದಲು, ಸಾಲ ಕೊಟ್ಟವರ ಮನೆಗೆ ನಾವೇ ಹೋಗಿ ಬಾಯಿಬಿಟ್ಟು ಹೇಳಬೇಕು. "ಕೋರ್ಟಿನ ನೋಟೀಸಿಗಿಂತ ಮೊದಲು ಮನುಷ್ಯ ಹೋಗ್ಬೇಕು" ಎಂದು ತಾವೂ ಸ್ಕೂಟರಿನಲ್ಲಿ ಬರುತ್ತಿದ್ದರು. ಕುಂಬ್ರದ ಸಗಟು ವ್ಯಾಪಾರಿ ನನ್ನ ಜನ್ಮ ಜಾಲಾಡಿದಾಗ ಪಕ್ಕದಲ್ಲೇ ನಿಂತು ಪೂರ್ತಿ ಕೇಳಿದರು.

ನನಗೆ ಹೆದರಿಕೆಯಿದ್ದದ್ದು ಒಂದೇ ಮನೆಯದು. ಕಬಕದ ಐಸಮ್ಮ, ನನ್ನ ಗೆಳತಿ, ಹಬ್ಬದ ಮಾಲು ತರಿಸಲು ಕೈಯ ಎರಡು ಬಳೆ ಬಿಚ್ಚಿ ಕೊಟ್ಟವಳು. ನಾನು ಅಡವಿಟ್ಟ ಆ ಬಳೆ ಹರಾಜಾಗಿ ಹೋಗಿತ್ತು. ಅದು ಸಾಲವಲ್ಲ, ಕೈಗಡ, ಅರ್ಜಿಯಲ್ಲಿ ಅವಳ ಹೆಸರು ಬಿಡಿ ಎಂದು ವಕೀಲರಲ್ಲಿ ಬೇಡಿದೆ.

"ಕೋರ್ಟಿಗೆ ಕೈಗಡ ಅಂತ ಬೇರೆ ಇಲ್ಲ. ಒಬ್ಬರನ್ನು ಮುಚ್ಚಿಟ್ರೆ ಇಡೀ ಅರ್ಜಿ ಸುಳ್ಳಾಗ್ತದೆ."

ಅವಳ ಅಂಗಳದಲ್ಲಿ ನಿಂತು ಹೇಳಿದೆ. ಐಸಮ್ಮ ಬೈಯಲಿಲ್ಲ. "ಬಳೆ ಆದಾಗ ಕೊಡು. ಆದ್ರೆ ನೋಟೀಸು ಬಂದ್ರೆ ಮಗ ಓದ್ತಾನೆ. ನಾನು ಕೊಟ್ಟದ್ದು ಅವನಿಗೆ ಗೊತ್ತಿಲ್ಲ. ನನ್ನ ಹೆಸರು ಬೇಡ ಮಾರಾಯ್ತಿ."

ವಕೀಲರ ಬೆರಳಿನ ಬೀಗದ ಕೈಗಳ ಗೊಂಚಲು ತಿರುಗುವುದು ನಿಂತುಹೋಗಿತ್ತು. ಅವಳಿಗೆ ಬ್ಯಾರಿ ಭಾಷೆಯಲ್ಲಿ ಮೆಲ್ಲಗೆ ಏನೋ ಹೇಳಿದರು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಎಂತ ಹೇಳಿದ್ರಿ?"

"ಮಗನಿಗೆ ನೀವೇ ಹೇಳಿ, ಕಾಗದ ಹೇಳುದು ಬೇಡ ಅಂದೆ."

ಹೆಸರು ಸೇರಿಸಿಯೇ ಅರ್ಜಿ ಹಾಕಿದರು. ಆಮೇಲೆ ಐಸಮ್ಮ ನನ್ನ ಫೋನು ಎತ್ತಲಿಲ್ಲ. ಎಷ್ಟೋ ತಿಂಗಳು ನಾನು ವಕೀಲರನ್ನು ಮನಸ್ಸಿನಲ್ಲೇ ಶಪಿಸಿದೆ.

ಸಾಲಗಳಿಂದ ಬಿಡುಗಡೆ ಎಂದು ಕೋರ್ಟಿನ ಆದೇಶ ಬಂದಾಗ ಅವರು ಆಸ್ಪತ್ರೆಯಲ್ಲಿದ್ದರು. ಫೋನಿನಲ್ಲಿ ಹೇಳಿದೆ. ಸಂತೋಷ ಎನ್ನಲಿಲ್ಲ.

"ಐಸಮ್ಮ ಮಾತಾಡ್ತಾರಾ?"

"ಇಲ್ಲ."

"ಅದಕ್ಕೆ ಅರ್ಜಿ ಹಾಕ್ಲಿಕ್ಕೆ ನನಗೆ ಗೊತ್ತಿಲ್ಲ ಮಾರಾಯ್ತಿ."

ನಮ್ಮ ಕೊನೆಯ ಮಾತು ಅದೇ. ಅವರು ತೀರಿಕೊಂಡ ದಿನ ಅವರ ಮನೆಗೆ ಹೋಗಿ ಬಂದು, ಪುತ್ತೂರಿನಲ್ಲಿ ಕಡಬದ ಬಸ್ಸು ಬಿಟ್ಟು ಕಬಕದ ಬಸ್ಸು ಹತ್ತಿದೆ. ಬಾಗಿಲು ತೆರೆದವಳು ಐಸಮ್ಮ.

"ವಕೀಲರು ಹೋದ್ರು" ಎಂದೆ.

"ಗೊತ್ತುಂಟು. ನೀವಿಬ್ಬರೂ ಬಂದು ಹೋದ ದಿನವೇ ಸಂಜೆ ಅವರು ತಿರುಗಿ ಬಂದಿದ್ರು. ನಾನು ಮಗನಿಗೆ ಹೇಳಿ ಮುಗಿಸುವವರೆಗೆ ಜತೆಗಿದ್ರು. ನಿನಗೆ ಹೇಳ್ಲಿಲ್ವಾ?"

ಹೇಳಿರಲಿಲ್ಲ.

"ಒಳಗೆ ಬಾ" ಎಂದಳು.