ಶ್ರೇಣಿಕನ ವಾಯರ್ ವಿಚಾರ
ಗೋಕಾಕದ ಸೀರೆ ವ್ಯಾಪಾರಿ ಶ್ರೇಣಿಕನಿಗೆ ಅವ್ವನ ಜಿನಸ್ತುತಿಗಳನ್ನು ಮನೆಯ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡುವ ಹುಚ್ಚು ಹತ್ತಿ ಎರಡು ವರ್ಷವಾಗಿತ್ತು. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಡಬ್ಬಿ ಯುಎಸ್‌ಬಿ ವಾಯರಿನದಿರಬೇಕೋ ಫೈರ್‌ವೈರ್ ಎಂಬ ಇನ್ನೊಂದು ಬಗೆಯ ವಾಯರಿನದೋ ಎಂಬುದೊಂದೇ ಬಗೆಹರಿಯದು. ಗಿರಾಕಿಗಳ ಮುಂದೆ ಸೀರೆ ಬಿಚ್ಚುತ್ತಲೇ, "ಯುಎಸ್‌ಬಿ ಸಸ್ತಾ ಖರೆ, ದನಿ ತಡಾ ಮಾಡಿ ಬರ್ತೈತ್ರಿ" ಎನ್ನುವನು; ಮರುದಿನ, "ಫೈರ್‌ವೈರ್ ಚಲೋರಿ, ಆದ್ರ ನಮ್ಮ ಕಂಪ್ಯೂಟರಿಗೆ ಆ ತೂತ ಇಲ್ಲ" ಎಂದು ನಿಟ್ಟುಸಿರಿಡುವನು. ಅವ್ವನ ಹಾಡಿನ ತಾಲೀಮು ಮಾತ್ರ ದಿನಾ ಸಂಜೆ ತಪ್ಪುತ್ತಿರಲಿಲ್ಲ. ಚಾತುರ್ಮಾಸಕ್ಕೊಮ್ಮೆ ಇಷ್ಟದ ಒಂದನ್ನು ಆಜೀವ ತ್ಯಜಿಸುವ ಅವ್ವ ಜಿನ್ನವ್ವ ಬೆಲ್ಲ ಬಿಟ್ಟಿದ್ದಳು, ತುಪ್ಪ ಬಿಟ್ಟಿದ್ದಳು. "ರೆಕಾರ್ಡ್ ಆತಂದ್ರ ಹಾಡೂದನ್ನೂ ಬಿಡ್ತೇನಿ" ಎಂದು ವ್ರತ ಹಿಡಿದಿದ್ದಳು. ಇಂದು ಸಂಜೆಯೂ ಕೇಳಿದಳು: "ಯಾವ ವಾಯರಂತ ಗೊತ್ತಾತೇನಪಾ?" "ಇನ್ನೂ ವಿಚಾರ ಮಾಡಾಕತ್ತೇನ್ಬೇ ಯವ್ವಾ" ಎಂದು ಶ್ರೇಣಿಕ ಅವಳ ಕೈಗೆ ತಾಳ ಕೊಟ್ಟ.